ಪುಣೆಯ ಸಣ್ಣ ಕಚೇರಿಗೆ ಬಿಮ್: ಮೊದಲ ಪ್ರಾಜೆಕ್ಟಿನ ಕೈಪಿಡಿ

ಬಿಮ್ ಅಂದರೆ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್: ಕಟ್ಟಡವನ್ನು ಮಾಹಿತಿ ಸಮೇತ ಒಂದು 3ಡಿ ಮಾಡೆಲ್ ಆಗಿ ಕಟ್ಟಿ, ಡ್ರಾಯಿಂಗನ್ನು ಅದರಿಂದಲೇ ತೆಗೆಯುವ ಪದ್ಧತಿ. ಬಿಲ್ಡರ್ ಮೀಟಿಂಗಿನಲ್ಲಿ ಕೂತು “ಈ ಸಲ ಬಿಮ್‌ನಲ್ಲೇ ಮಾಡಿಕೊಡಿ” ಅಂದಾಗ ಅವರ ಮನಸ್ಸಿನಲ್ಲಿರುವುದು ಬಹಳ ಸಲ ಬಣ್ಣದ ವಾಕ್‌ಥ್ರೂ ಅಷ್ಟೇ. ಇತ್ತ ಕಚೇರಿಯವರು ಅವಸರದಲ್ಲಿ ಬಿಮ್ ಸಾಫ್ಟ್‌ವೇರ್ ರೆವಿಟ್‌ನ ಲೈಸನ್ಸ್ ಕೊಳ್ಳುತ್ತಾರೆ, ಇಬ್ಬರು ಹುಡುಗರನ್ನು ಟ್ರೇನಿಂಗಿಗೆ ಕಳಿಸುತ್ತಾರೆ. ಆರು ತಿಂಗಳಾದ ಮೇಲೆ ನೋಡಿದರೆ ಮಾಡೆಲ್ ಒಂದು ಕಂಪ್ಯೂಟರಿನಲ್ಲಿ ಚೆಂದವಾಗಿ ಕೂತಿರುತ್ತದೆ, ಸೈಟಿಗೆ ಹೋಗುವ ಡ್ರಾಯಿಂಗ್ ಮಾತ್ರ ಮೊದಲಿನಂತೆ ಆಟೋಕ್ಯಾಡಿನಿಂದಲೇ ಹೊರಡುತ್ತಿರುತ್ತದೆ. ಒಂದೇ ಕೆಲಸಕ್ಕೆ ಎರಡು ಸಂಬಳ. ಗೋಡೆ ಜರುಗಿದ್ದು ಒಂದು ಕಡೆ ತಿದ್ದಿರುತ್ತದೆ, ಇನ್ನೊಂದು ಕಡೆ ಇಲ್ಲ. ಸಣ್ಣ ಕಚೇರಿಗಳಲ್ಲಿ ಬಿಮ್ ಕೈಕೊಡುವುದು ಸಾಫ್ಟ್‌ವೇರ್ ಬಾರದ್ದರಿಂದಲ್ಲ, ಈ ಎರಡು ದೋಣಿಯ ಪಯಣದಿಂದ.

ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಪುಣೆಗೆ ಬಂದು ಹತ್ತರಿಂದ ಮೂವತ್ತು ಜನರ ಆರ್ಕಿಟೆಕ್ಚರ್ ಅಥವಾ ಎಂಜಿನಿಯರಿಂಗ್ ಕಚೇರಿ ನಡೆಸುತ್ತಿರುವವರನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆದಿದೆ. ಮಹಾಮೆಟ್ರೊ ನಾಗಪುರ ಮತ್ತು ಪುಣೆ ಮೆಟ್ರೊದಲ್ಲಿ ‘5ಡಿ ಬಿಮ್’ (ಮಾಡೆಲ್‌ಗೆ ಸಮಯ, ವೆಚ್ಚವನ್ನೂ ಸೇರಿಸಿದ್ದು) ಬಳಸಿತು ಅನ್ನುವುದು ನಿಜ, ಆದರೆ ಆ ಗಾತ್ರದ ವ್ಯವಸ್ಥೆ ನಿಮಗೆ ಬೇಕಿಲ್ಲ. ನಿಮಗೆ ಬೇಕಾದದ್ದು ಒಂದೇ ಒಂದು ಕಟ್ಟಳೆ: ಮಾಡೆಲ್‌ನಲ್ಲಿ ಇಲ್ಲದ್ದು ಹಾಳೆಯಲ್ಲಿ ಇರಬಾರದು. ಮುಂದೆ ಹೇಳುವುದೆಲ್ಲ ಈ ಕಟ್ಟಳೆ ಮುರಿಯದಂತೆ ನೋಡಿಕೊಳ್ಳುವ ಉಪಾಯಗಳೇ. ಇಲ್ಲಿ ರೆವಿಟ್ ಹೆಸರಿನಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಆರ್ಕಿಕ್ಯಾಡ್ ಬಳಸುವವರಿಗೂ ಹೊಂದುತ್ತದೆ, ಮೆನು ಹೆಸರು ಮಾತ್ರ ಬೇರೆ.

ಯಾವ ಕೆಲಸದಿಂದ ಶುರು

ಮೊದಲ ಪ್ರಾಜೆಕ್ಟ್ ಬಂಗಲೆ ಆಗಬಾರದು, 30 ಮಹಡಿಯ ಟವರೂ ಆಗಬಾರದು. ಬಂಗಲೆಯಲ್ಲಿ ಮಾಲೀಕರು ವಾರಕ್ಕೊಮ್ಮೆ ಮನಸ್ಸು ಬದಲಿಸುತ್ತಾರೆ, ಸರ್ವಿಸ್ ಕಡಿಮೆ, ಬಿಮ್‌ನ ಲಾಭ ಕಣ್ಣಿಗೆ ಕಾಣುವುದಿಲ್ಲ. ಟವರಿನಲ್ಲಿ ತಪ್ಪು ಕಲಿಯಲು ಸಮಯವೇ ಇರುವುದಿಲ್ಲ. ಎರಡು ಪೋಡಿಯಂ (ಕೆಳಗಿನ ಪಾರ್ಕಿಂಗ್ ಮಹಡಿ), ಮೇಲೆ ಏಳೆಂಟು ಮಹಡಿ, ಪುನರಾವರ್ತನೆ ಆಗುವ ಫ್ಲೋರ್ ಪ್ಲಾನ್ ಇರುವ ವಸತಿ ಕಟ್ಟಡ ಒಳ್ಳೆಯ ಆಯ್ಕೆ. ಕಾನ್ಸೆಪ್ಟ್ ಒಪ್ಪಿಗೆ ಆಗಿರಬೇಕು, ಜಿಎಫ್‌ಸಿ ಡ್ರಾಯಿಂಗ್ (ಸೈಟಿನಲ್ಲಿ ಕಟ್ಟಲು ಕೊಡುವ ಅಂತಿಮ ಡ್ರಾಯಿಂಗ್) ಶುರುವಾಗಿರಬಾರದು. ಅರ್ಧ ಮುಗಿದ ಕ್ಯಾಡ್ ಪ್ರಾಜೆಕ್ಟನ್ನು ಮಾಡೆಲ್‌ಗೆ ತರಲು ಹೋಗಬೇಡಿ, ಹಳೆಯ ಡ್ರಾಯಿಂಗಿನ ತಪ್ಪುಗಳೆಲ್ಲ ಮಾಡೆಲ್ ಮಾಡುವವನ ತಲೆಗೆ ಬರುತ್ತವೆ.

ಅಲ್ಯೂಮಿನಿಯಂ ಫಾರ್ಮ್‌ವರ್ಕಿನ, ಅಂದರೆ ಸೈಟಿನಲ್ಲಿ ಎಲ್ಲರೂ ‘ಮೈವಾನ್’ ಅನ್ನುವ ಪದ್ಧತಿಯ ಕಟ್ಟಡ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಗೋಡೆಯೂ ಕಾಂಕ್ರೀಟೇ. ಸ್ವಿಚ್ ಬಾಕ್ಸ್, ಕಂಡ್ಯೂಟ್ (ವೈರಿನ ಕೊಳವೆ), ಸ್ಲೀವ್ (ಪೈಪು ದಾಟಲು ಬಿಡುವ ತೂತು) ಎಲ್ಲ ಕಾಂಕ್ರೀಟ್ ಸುರಿಯುವ ಮುಂಚೆಯೇ ಜಾಗದಲ್ಲಿರಬೇಕು. ಇಟ್ಟಿಗೆ ಗೋಡೆಯಲ್ಲಾದರೆ ಚೀಸೆಲ್ ಹಿಡಿದು ತಪ್ಪನ್ನು ಮುಚ್ಚಿಕೊಳ್ಳಬಹುದು, ಇಲ್ಲಿ ಆಗುವುದಿಲ್ಲ. ಹಾಗಾಗಿ ಮಾಡೆಲ್ ಯಾಕೆ ಬೇಕು ಅಂತ ಯಾರಿಗೂ ವಿವರಿಸಬೇಕಾಗಿ ಬರುವುದಿಲ್ಲ.

ಮೊದಲ ಕೆಲಸಕ್ಕೆ ಕ್ಯಾಡ್‌ನಲ್ಲಿ ತಗಲುವ ಸಮಯದ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಆ ಹೆಚ್ಚಿನ ಸಮಯ ಖರ್ಚಾಗುವುದು ಮುಂಚಿತವಾಗಿ. ಕ್ಯಾಡ್‌ನಲ್ಲಿ ವರ್ಕಿಂಗ್ ಡ್ರಾಯಿಂಗ್ ಹಂತಕ್ಕೆ ಮುಂದೂಡುತ್ತಿದ್ದ ನಿರ್ಧಾರಗಳನ್ನು (ಗೋಡೆ ಎಷ್ಟು ದಪ್ಪ, ಟಾಯ್ಲೆಟ್ಟಿನ ತಗ್ಗಿಸಿದ ಸ್ಲ್ಯಾಬ್, ಅಂದರೆ ಸಂಕ್, ಎಷ್ಟು ಆಳ, ಪೈಪುಗಳ ಶಾಫ್ಟ್ ಎಲ್ಲಿ) ಮಾಡೆಲ್ ಮೊದಲೇ ಕೇಳುತ್ತದೆ. ಫೀ ಕಂತುಗಳು ಮಾತ್ರ ಹಳೆಯ ಕ್ರಮದಲ್ಲೇ ಉಳಿದರೆ ಸಂಬಳ ಕೊಡಲು ಪರದಾಡಬೇಕಾಗುತ್ತದೆ. ಡಿಸೈನ್ ಡೆವಲಪ್‌ಮೆಂಟ್ ಹಂತದ ಕಂತು ದೊಡ್ಡದಾಗುವಂತೆ ಒಪ್ಪಂದದಲ್ಲೇ ಬದಲಿಸಿಕೊಳ್ಳಿ. ಇದನ್ನು ಕೇಳಲು ಬಹಳ ಕಚೇರಿಗಳು ಸಂಕೋಚಪಡುತ್ತವೆ, ಆಮೇಲೆ ಬಿಮ್ ದುಬಾರಿ ಎಂದು ದೂರುತ್ತವೆ.

ಒಪ್ಪಂದದಲ್ಲಿ ನಾಲ್ಕು ಸಾಲು

ಬಿಮ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 19650 ಓದಿ ಐವತ್ತು ಪುಟದ ಬಿಮ್ ಎಕ್ಸಿಕ್ಯೂಶನ್ ಪ್ಲಾನ್ ಬರೆದರೆ ಯಾರೂ ಓದುವುದಿಲ್ಲ. ನಾಲ್ಕು ಪುಟ ಸಾಕು. ಅದರಲ್ಲಿ ಇರಲೇಬೇಕಾದವು: ಮಾಡೆಲ್ ಯಾವುದಕ್ಕೆ (ಡ್ರಾಯಿಂಗ್, ಕೋಆರ್ಡಿನೇಶನ್, ಪ್ರಮಾಣ: ಈ ಮೂರರಲ್ಲಿ ಯಾವುದು ಉಂಟು, ಯಾವುದು ಇಲ್ಲ), ಯಾವ ಸಾಫ್ಟ್‌ವೇರಿನ ಯಾವ ವರ್ಷದ ಆವೃತ್ತಿ, ಯಾರು ಏನನ್ನು ಮಾಡೆಲ್ ಮಾಡುತ್ತಾರೆ, ಎಷ್ಟು ವಿವರದ ಮಟ್ಟಕ್ಕೆ.

ಆವೃತ್ತಿಯ ವಿಷಯ ಚಿಕ್ಕದಾಗಿ ಕಂಡರೂ ಅಲ್ಲ. ರೆವಿಟ್ ಫೈಲನ್ನು ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದು ಸೇವ್ ಮಾಡಿದರೆ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಪ್ಲಂಬಿಂಗ್ ಕನ್ಸಲ್ಟೆಂಟ್ ಕಚೇರಿಯಲ್ಲಿ ಯಾರೋ ಒಬ್ಬ ಅಪ್‌ಗ್ರೇಡ್ ಮಾಡಿದರೆ ಅವರ ಮಾಡೆಲ್ ಉಳಿದವರಿಗೆ ಮುಚ್ಚಿದ ಬಾಗಿಲು. ಪ್ರಾಜೆಕ್ಟ್ ಮುಗಿಯುವವರೆಗೆ ಒಂದೇ ಆವೃತ್ತಿ ಎಂದು ಬರೆಸಿಕೊಳ್ಳಿ.

ವಿವರದ ಮಟ್ಟಕ್ಕೆ ಎಲ್‌ಒಡಿ ಎಂಬ ಅಂಕಿ ಇದೆ. ಕ್ಲೈಂಟ್ “ಎಲ್‌ಒಡಿ 500 ಬೇಕು” ಎಂದು ಬರೆದು ಕಳಿಸಿದರೆ ಒಪ್ಪಿ ಸಹಿ ಮಾಡಬೇಡಿ. 500 ಅಂದರೆ ಹೆಚ್ಚು ಚೆಂದದ ಮಾಡೆಲ್ ಅಲ್ಲ, ಸೈಟಿನಲ್ಲಿ ಕಟ್ಟಿದ್ದನ್ನು ಅಳೆದು ಖಾತ್ರಿ ಮಾಡಿದ ಮಾಡೆಲ್. ಕಚೇರಿಯಲ್ಲಿ ಕೂತು ಅದನ್ನು ಕೊಡಲು ಬರುವುದಿಲ್ಲ. ಜಿಎಫ್‌ಸಿ ಡ್ರಾಯಿಂಗಿಗೆ 300, ಸರ್ವಿಸ್‌ಗಳ ಕೋಆರ್ಡಿನೇಶನ್‌ಗೆ 350 ಸಾಕು. 400 ಫ್ಯಾಬ್ರಿಕೇಟರ್ ಕೆಲಸ. ಕಂಬಿಯನ್ನು ಮೊದಲ ವರ್ಷ ಮಾಡೆಲ್ ಮಾಡಲೇಬೇಡಿ.

ಯಂತ್ರ, ಲೈಸನ್ಸ್, ಗುರುವಾರ

ರೆವಿಟ್‌ನ ಹೆಚ್ಚಿನ ಕೆಲಸ ಪ್ರೊಸೆಸರಿನ ಒಂದೇ ಕೋರ್ ಮೇಲೆ ನಡೆಯುತ್ತದೆ. ಹಾಗಾಗಿ ಕೋರ್‌ಗಳ ಸಂಖ್ಯೆಗಿಂತ ಗಿಗಾಹರ್ಟ್ಸ್ ನೋಡಿ ಕೊಳ್ಳಿ. ರ್‍ಯಾಮ್ 32 ಜಿಬಿಗಿಂತ ಕಡಿಮೆ ಬೇಡ. ಫೈಲ್ ಗಾತ್ರದ ಇಪ್ಪತ್ತು ಪಟ್ಟು ರ್‍ಯಾಮ್ ಅನ್ನುವುದು ಹಳೆಯ ಲೆಕ್ಕ: 300 ಎಂಬಿ ಮಾಡೆಲ್ ಒಂದಕ್ಕೇ 6 ಜಿಬಿ, ಅದಕ್ಕೆ ಲಿಂಕ್ ಮಾಡಿದ ಮಾಡೆಲ್‌ಗಳೂ ಸೇರುತ್ತವೆ. ಎನ್‌ವಿಎಂಇ ಡಿಸ್ಕ್, ಗಿಗಾಬಿಟ್ ಕೇಬಲ್ ಇರಲಿ. ವೈಫೈ ಮೇಲೆ ಸೆಂಟ್ರಲ್ ಫೈಲ್ (ಎಲ್ಲರೂ ಸೇರಿ ಕೆಲಸ ಮಾಡುವ, ಸರ್ವರಿನಲ್ಲಿರುವ ಮೂಲ ಮಾಡೆಲ್) ನಡೆಸಬೇಡಿ.

ರೆವಿಟ್ ಎಲ್‌ಟಿ ಅಗ್ಗವೆಂದು ಕೊಂಡರೆ ಅದರಲ್ಲಿ ವರ್ಕ್‌ಶೇರಿಂಗ್ ಇಲ್ಲ, ಒಂದೇ ಮಾಡೆಲ್‌ನಲ್ಲಿ ಇಬ್ಬರು ಕೆಲಸ ಮಾಡಲಾಗುವುದಿಲ್ಲ. ಸೆಂಟ್ರಲ್ ಫೈಲನ್ನು ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ನ ಸಿಂಕ್ ಫೋಲ್ಡರಿನಲ್ಲಿ ಇಡುವುದಂತೂ ಆತ್ಮಹತ್ಯೆ. ಎರಡು ಕಡೆಯಿಂದ ಸಿಂಕ್ ಆದ ಫೈಲ್ ಒಂದು ದಿನ ತೆರೆಯುವುದೇ ಇಲ್ಲ. ಮುಂಬೈಯಲ್ಲಿ ಇನ್ನೊಂದು ಶಾಖೆ ಇದ್ದರೆ ಆಟೋಡೆಸ್ಕ್‌ನದೇ ಕ್ಲೌಡ್ ವರ್ಕ್‌ಶೇರಿಂಗ್ ತೆಗೆದುಕೊಳ್ಳಿ, ಇಲ್ಲವೆಂದರೆ ಒಂದು ಪ್ರಾಜೆಕ್ಟ್ ಒಂದೇ ಊರಿನಲ್ಲಿ ನಡೆಯಲಿ.

ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟು ಹೋಗುವುದು ಹೊಸದಲ್ಲ. ಸಿಂಕ್ ನಡೆಯುವಾಗ ಸರ್ವರ್ ಆರಿದರೆ ಸೆಂಟ್ರಲ್ ಫೈಲ್ ಕೆಡುತ್ತದೆ. ಸರ್ವರಿಗೂ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಇರಬೇಕು. ಸ್ವಿಚ್‌ಗೆ ಇಡುವುದನ್ನು ಮರೆಯುವವರೇ ಹೆಚ್ಚು. ಪ್ರತಿ ಶನಿವಾರ ಸಂಜೆ ಮಾಡೆಲನ್ನು ಸೆಂಟ್ರಲ್‌ನಿಂದ ಬೇರ್ಪಡಿಸಿ, ಆಡಿಟ್ ಆಯ್ಕೆ ಹಾಕಿ ತೆರೆದು, ದಿನಾಂಕದ ಹೆಸರಿನಲ್ಲಿ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಡಿ. ಹುಡುಗರು ಬೆಳಿಗ್ಗೆ ಬಂದ ಕೂಡಲೇ ಹೊಸ ಲೋಕಲ್ ಫೈಲ್ (ಸೆಂಟ್ರಲ್‌ನ ತಮ್ಮದೇ ಪ್ರತಿ) ಮಾಡಿಕೊಳ್ಳಲಿ, ಹೋದ ವಾರದ ಲೋಕಲ್ ತೆರೆದು ಕೂರುವ ಅಭ್ಯಾಸ ಮೊದಲ ದಿನವೇ ತಪ್ಪಿಸಿ.

ಟೆಂಪ್ಲೇಟ್: ಸೊನ್ನೆ ಎಲ್ಲಿ, ಲೆವೆಲ್ ಯಾವುದು

ಮೊದಲ ಗೋಡೆ ಎಳೆಯುವ ಮುಂಚೆ ಎರಡು ವಾರ ಟೆಂಪ್ಲೇಟಿಗೆ ಕೊಡಿ. ಇದರಲ್ಲಿ ಟೈಟಲ್ ಬ್ಲಾಕ್, ಲೈನ್‌ವೇಟ್, ಕನ್ನಡಿಗ ಮಾಲೀಕರಿಗೆ ಇಷ್ಟವಾದ ಫಾಂಟ್ ಎಲ್ಲ ಬರುತ್ತವೆ, ಅವು ಸುಲಭ. ಎಡವುವುದು ಎರಡು ಕಡೆ.

ಒಂದು, ಕೋಆರ್ಡಿನೇಟ್. ಸರ್ವೆಯವರು ಟೋಟಲ್ ಸ್ಟೇಶನ್ ಡ್ರಾಯಿಂಗನ್ನು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಗುರುತಿಸುವ ಪದ್ಧತಿ) 43ನೇ ವಲಯದ ಅಂಕಿಗಳಲ್ಲಿ ಕೊಡುತ್ತಾರೆ. ಪುಣೆ ನಗರದಲ್ಲಿ ಅದು ಪೂರ್ವಕ್ಕೆ ಸುಮಾರು 3,78,000 ಮೀಟರ್, ಉತ್ತರಕ್ಕೆ ಸುಮಾರು 20,48,000 ಮೀಟರ್. ಆ ಡ್ರಾಯಿಂಗನ್ನು ಹಾಗೆಯೇ ತಂದು ಅದರ ಮೇಲೆ ಕಟ್ಟಡ ಎಳೆದರೆ ಮಾಡೆಲ್ ರೆವಿಟ್‌ನ ಆಂತರಿಕ ಮೂಲಬಿಂದುವಿನಿಂದ ಎರಡು ಸಾವಿರ ಕಿಲೋಮೀಟರ್ ಆಚೆ ಹೋಗುತ್ತದೆ. ರೆವಿಟ್ ಸಹಿಸುವುದು ಆ ಬಿಂದುವಿನ ಸುತ್ತ 16 ಕಿಲೋಮೀಟರ್ ಮಾತ್ರ. ಆಚೆಗೆ ಹೋದರೆ ಗೆರೆ ಅದುರುತ್ತದೆ, ಹ್ಯಾಚ್ ಕೆಡುತ್ತದೆ, ಸ್ನ್ಯಾಪ್ ಸಿಗುವುದಿಲ್ಲ. ಕಂಪ್ಯೂಟರ್ ಹಾಳಾಗಿದೆ ಅಂದುಕೊಂಡು ಗ್ರಾಫಿಕ್ ಕಾರ್ಡ್ ಬದಲಿಸಿದವರೂ ಇದ್ದಾರೆ.

ಸರಿಯಾದ ಕ್ರಮ ಇದು. ಗ್ರಿಡ್ ಎ ಮತ್ತು 1 ಕೂಡುವ ಜಾಗವನ್ನು ಆಂತರಿಕ ಮೂಲಬಿಂದುವಿಗೆ ಕೂರಿಸಿ. ಆರ್ಕಿಟೆಕ್ಚರ್, ಸ್ಟ್ರಕ್ಚರ್, ಸರ್ವಿಸ್ ಎಲ್ಲ ಮಾಡೆಲ್‌ಗಳಿಗೂ ಇದೇ ನಿಯಮ, ಎಲ್ಲರೂ ‘ಒರಿಜಿನ್ ಟು ಒರಿಜಿನ್’ ಲಿಂಕ್ ಮಾಡಲಿ. ಸೈಟಿಗೆ ಬೇರೆಯದೇ ಒಂದು ಮಾಡೆಲ್ ಮಾಡಿ, ಸರ್ವೆ ಡ್ರಾಯಿಂಗನ್ನು ಅಲ್ಲಿಗೆ ಲಿಂಕ್ ಮಾಡಿ (ಇಂಪೋರ್ಟ್ ಬೇಡ, ಎಕ್ಸ್‌ಪ್ಲೋಡ್ ಅಂತೂ ಬೇಡವೇ ಬೇಡ). ಎ-1ರ ನಿಜವಾದ ಯುಟಿಎಂ ಅಂಕಿ ಮತ್ತು ಉತ್ತರದ ಕೋನವನ್ನು ಅಲ್ಲಿ ಕೊಟ್ಟು, ಶೇರ್ಡ್ ಕೋಆರ್ಡಿನೇಟ್ ಮೂಲಕ ಕಟ್ಟಡಕ್ಕೆ ದಾಟಿಸಿ. ಈ ಕೆಲಸ ಒಬ್ಬರ ಕೈಯಲ್ಲೇ ಇರಲಿ. ಇಬ್ಬರು ಕೈಹಾಕಿದರೆ ಯಾರು ಯಾವಾಗ ಜರುಗಿಸಿದರು ಎಂದು ಪತ್ತೆ ಹಚ್ಚುವುದು ಕಷ್ಟ.

ಎಲ್ಲ ಕನ್ಸಲ್ಟೆಂಟರ ಕೆಲಸ ಶುರುವಾಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ರತಿಯೊಬ್ಬರೂ ತಮ್ಮ ಖಾಲಿ ಮಾಡೆಲ್‌ನಲ್ಲಿ ಎ-1ರ ಹತ್ತಿರ ಮತ್ತು ಎದುರಿನ ಮೂಲೆಯ ಗ್ರಿಡ್ ಹತ್ತಿರ ಒಂದು ಮೀಟರಿನ ಘನವೊಂದನ್ನು ಇಟ್ಟು ಕಳಿಸಲಿ. ಎಲ್ಲರ ಮಾಡೆಲ್ ಒಟ್ಟಿಗೆ ಪರೀಕ್ಷಿಸುವ ಸಾಫ್ಟ್‌ವೇರ್ ನೇವಿಸ್‌ವರ್ಕ್ಸ್‌ನಲ್ಲಿ ಕೂಡಿಸಿ ನೋಡಿದಾಗ ಎರಡೂ ಕಡೆ ಒಂದೊಂದೇ ಘನ ಕಾಣಬೇಕು. ಒಂದು ಕಡೆ ಸರಿ, ಇನ್ನೊಂದು ಕಡೆ ಜೋಡಿ ಕಂಡರೆ ಯಾರದೋ ಮಾಡೆಲ್ ತಿರುಗಿದೆ ಎಂದರ್ಥ. ಅರ್ಧ ಗಂಟೆಯ ಕೆಲಸ.

ಎರಡು, ಲೆವೆಲ್. 10 ಮಿ.ಮೀ. ಟೈಲ್, 40 ಮಿ.ಮೀ. ಬೆಡ್ ಅಂದರೆ ಸ್ಲ್ಯಾಬಿನ ಮೇಲ್ಮೈಗೂ ಮುಗಿದ ನೆಲಕ್ಕೂ 50 ಮಿ.ಮೀ. ವ್ಯತ್ಯಾಸ. ಆರ್ಕಿಟೆಕ್ಟರ ಲೆವೆಲ್ ಮುಗಿದ ನೆಲಕ್ಕೆ, ಸ್ಟ್ರಕ್ಚರಿನದು ಸ್ಲ್ಯಾಬಿಗೆ. ಇಬ್ಬರೂ ‘ಫಸ್ಟ್ ಫ್ಲೋರ್’ ಅಂತಲೇ ಹೆಸರಿಟ್ಟರೆ, ಪ್ರತಿ ಸ್ಲೀವೂ 50 ಮಿ.ಮೀ. ತಪ್ಪಿದ ಜಾಗದಲ್ಲಿ ಬರುತ್ತದೆ. ಹೆಸರಿನಲ್ಲೇ ಎಫ್‌ಎಫ್‌ಎಲ್ (ಮುಗಿದ ನೆಲ), ಎಸ್‌ಎಸ್‌ಎಲ್ (ಸ್ಲ್ಯಾಬಿನ ಮೇಲ್ಮೈ) ಎಂದು ಬರಲಿ. ಗೋಡೆ ನಿಲ್ಲುವುದು ಸ್ಲ್ಯಾಬಿನ ಮೇಲೆ, ಟೈಲಿನ ಮೇಲಲ್ಲ. ಗೋಡೆಯ ಬುಡ ಮೈನಸ್ 50ಕ್ಕೆ ಕೊಡುವುದು ಅಭ್ಯಾಸವಾಗಲಿ.

ಕಂಪನಿಗಳ ವೆಬ್‌ಸೈಟಿನಿಂದ ಇಳಿಸಿಕೊಂಡ ಕಮೋಡ್, ನಲ್ಲಿಯ ಫ್ಯಾಮಿಲಿಗಳಲ್ಲಿ (ರೆವಿಟ್‌ನ ಸಿದ್ಧ ವಸ್ತುಗಳಲ್ಲಿ) ಸ್ಕ್ರೂ ಕೂಡ ಮಾಡೆಲ್ ಆಗಿರುತ್ತದೆ. ಇನ್ನೂರು ಟಾಯ್ಲೆಟ್ಟಿಗೆ ಹಾಕಿದರೆ ಫೈಲ್ ಏಳುವುದಿಲ್ಲ. ಸರಳವಾದದ್ದನ್ನು ಕಚೇರಿಯಲ್ಲೇ ಮಾಡಿಕೊಳ್ಳಿ.

ಪಾಲಿಕೆ, ರೇರಾ ಮತ್ತು ಏರಿಯಾ

ಮಾಡೆಲ್ ಬಿಟ್ಟು ಕ್ಯಾಡ್‌ಗೆ ಮರಳುವ ಮೊದಲ ಆಮಿಷ ಬರುವುದು ಮಂಜೂರಾತಿ ಡ್ರಾಯಿಂಗಿನಲ್ಲಿ. ಆನ್‌ಲೈನ್ ಪರಿಶೀಲನೆಯ ಸಾಫ್ಟ್‌ವೇರಿಗೆ ಬೇಕಾದದ್ದು ನಿಗದಿತ ಹೆಸರಿನ ಲೇಯರ್ ಮತ್ತು ಮುಚ್ಚಿದ ಪಾಲಿಲೈನ್. ರೆವಿಟ್‌ನಿಂದ ಸುಮ್ಮನೆ ಎಕ್ಸ್‌ಪೋರ್ಟ್ ಮಾಡಿದ ಡಿಡಬ್ಲ್ಯುಜಿಯಲ್ಲಿ ಲೇಯರ್ ಹೆಸರು ಅದರದೇ, ಗೆರೆಗಳೆಲ್ಲ ತುಂಡುತುಂಡು. “ಆಗೋದಿಲ್ಲ ಸರ್, ಕ್ಯಾಡ್‌ನಲ್ಲೇ ಮಾಡ್ತೀನಿ” ಎಂದು ಡ್ರಾಫ್ಟ್ಸ್‌ಮನ್ ಹೇಳುವುದು ಆಗಲೇ.

ಆಗುತ್ತದೆ. ಎಕ್ಸ್‌ಪೋರ್ಟ್ ಸೆಟಪ್‌ನಲ್ಲಿ ಪ್ರತಿ ಕೆಟಗರಿಗೂ ಪಾಲಿಕೆಯ ಲೇಯರ್ ಹೆಸರು ಒಮ್ಮೆ ಬರೆದಿಡಿ. ಅಲ್ಲೇ ರೂಮ್, ಸ್ಪೇಸ್, ಏರಿಯಾಗಳನ್ನು ಪಾಲಿಲೈನ್ ಆಗಿ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ. ಇಷ್ಟು ಮಾಡಿದ ಮೇಲೂ ಒಂದಷ್ಟು ಕೈಕೆಲಸ ಉಳಿಯುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಈ ಒಂದು ಫೈಲಿಗೆ ಮಾತ್ರ ಕಟ್ಟಳೆಯಿಂದ ವಿನಾಯಿತಿ, ಅದೂ ಒಂದು ಷರತ್ತಿನ ಮೇಲೆ. ಪಾಲಿಕೆಯ ಓಡಾಟ ನೋಡುವವರು ಅಲ್ಲಿ ಕೂತು ಮಾರ್ಜಿನ್ 50 ಮಿ.ಮೀ. ಜರುಗಿಸಿದರೆ, ಅದೇ ದಿನ ಮಾಡೆಲ್‌ಗೂ ಬರಬೇಕು. ಅದಕ್ಕೊಂದು ರಿಜಿಸ್ಟರ್ ಇಡಿ.

ಏರಿಯಾ ಲೆಕ್ಕದಲ್ಲಿ ಮಾತ್ರ ಮಾಡೆಲ್‌ಗೆ ಸಾಟಿ ಇಲ್ಲ, ಸರಿಯಾಗಿ ಹೇಳಿಕೊಟ್ಟರೆ. 2020ರ ಡಿಸೆಂಬರ್‌ನಲ್ಲಿ ಬಂದ ಯುಡಿಸಿಪಿಆರ್ (ಮಹಾರಾಷ್ಟ್ರದ ಏಕೀಕೃತ ಕಟ್ಟಡ ನಿಯಮಾವಳಿ) ಪ್ರಕಾರ ಪುಣೆಯಲ್ಲಿ ಎಫ್‌ಎಸ್‌ಐ (ನಿವೇಶನಕ್ಕೆ ಹೋಲಿಸಿ ಕಟ್ಟಬಹುದಾದ ವಿಸ್ತೀರ್ಣ) ಲೆಕ್ಕ ಪಿ-ಲೈನ್ (ಮಹಡಿಯ ಹೊರ ಸುತ್ತುಗೆರೆ) ಮೇಲೆ. ಮುಂಬೈಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಡಿಸಿಪಿಆರ್ 2034. ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಹೇಳುವ ಕಾರ್ಪೆಟ್, ಅಂದರೆ ಮನೆಯೊಳಗಿನ ಬಳಕೆಯ ವಿಸ್ತೀರ್ಣ, ಇವೆರಡಕ್ಕೂ ಬೇರೆ. ಹಾಗಾಗಿ ಒಂದೇ ಪ್ಲಾನಿನ ಮೇಲೆ ಬೇರೆಬೇರೆ ಏರಿಯಾ ಸ್ಕೀಮ್ ಮಾಡಿ: ಒಂದು ಪಿ-ಲೈನಿಗೆ, ಒಂದು ರೇರಾಗೆ.

ಸಾಮಾನ್ಯ ತಪ್ಪೆಂದರೆ ರೂಮ್ ಶೆಡ್ಯೂಲ್ ಕೂಡಿಸಿ ಅದನ್ನೇ ಕಾರ್ಪೆಟ್ ಎಂದು ಬರೆಯುವುದು. ರೇರಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮನೆಯೊಳಗಿನ ಪಾರ್ಟಿಶನ್ ಗೋಡೆಗಳ ಜಾಗ ಕಾರ್ಪೆಟ್ಟಿಗೆ ಸೇರುತ್ತದೆ. ಹೊರಗೋಡೆ, ಸರ್ವಿಸ್ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಒಂದು 2 ಬಿಎಚ್‌ಕೆಯಲ್ಲಿ ಒಳಗೋಡೆ ಒಟ್ಟು 14 ಮೀಟರ್, ಪ್ಲಾಸ್ಟರ್ ಸೇರಿ ದಪ್ಪ 140 ಮಿ.ಮೀ. ಎಂದುಕೊಳ್ಳಿ. 14 × 0.14 ಅಂದರೆ 1.96 ಚದರ ಮೀಟರ್, ಸುಮಾರು 21 ಚದರ ಅಡಿ. ರೂಮ್‌ಗಳನ್ನು ಕೂಡಿಸಿದ ಲೆಕ್ಕದಲ್ಲಿ ಈ 21 ಅಡಿ ಮಾಯ. ಪುಣೆಯ ದರದಲ್ಲಿ ಅದು ಎಷ್ಟು ರೂಪಾಯಿ ಎಂದು ಬಿಲ್ಡರ್ ನಿಮಗೆ ಹೇಳುತ್ತಾರೆ, ದನಿ ಏರಿಸಿ. ರೂಮಿನ ಗಡಿ ಗೋಡೆಯ ಫಿನಿಶ್‌ಗೋ ಕೋರ್‌ಗೋ ಎಂಬುದನ್ನೂ ಮೊದಲೇ ತೀರ್ಮಾನಿಸಿ. 3 × 3.6 ಮೀಟರಿನ ಕೋಣೆಗೆ ಸುತ್ತ 12 ಮಿ.ಮೀ. ಪ್ಲಾಸ್ಟರ್ ಅಂದರೆ 0.158 ಚ.ಮೀ., ಒಂದು ಕೋಣೆಗೆ 1.7 ಚದರ ಅಡಿ. ಆ ಸೆಟ್ಟಿಂಗ್ ಇಡೀ ಪ್ರಾಜೆಕ್ಟಿಗೆ ಒಂದೇ. ನಡುವೆ ಯಾರಾದರೂ ಬದಲಿಸಿದರೆ ಎಲ್ಲ ಫ್ಲ್ಯಾಟಿನ ಅಂಕಿಯೂ ಸದ್ದಿಲ್ಲದೆ ಬದಲಾಗುತ್ತದೆ.

ಕನ್ಸಲ್ಟೆಂಟರು ಮತ್ತು ಕ್ಲ್ಯಾಶ್

ಸ್ಟ್ರಕ್ಚರಲ್ ಕನ್ಸಲ್ಟೆಂಟರು ಇಟ್ಯಾಬ್ಸ್ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಡಿಸೈನ್ ಮಾಡಿ ಕ್ಯಾಡ್‌ನಲ್ಲಿ ಡ್ರಾಯಿಂಗ್ ಕೊಡುತ್ತಾರೆ. ರೆವಿಟ್ ಮಾಡೆಲ್ ಕೇಳಿದರೆ ಫೀ ಕೇಳುತ್ತಾರೆ, ನ್ಯಾಯವೇ. ಇಟ್ಯಾಬ್ಸ್ ಮಾಡೆಲನ್ನು ನೇರ ತರುವ ಪ್ಲಗಿನ್ ನಂಬಿ ಕೂರಬೇಡಿ. ಅದು ಸೆಂಟರ್‌ಲೈನ್ ಲೆಕ್ಕದ ಮಾಡೆಲ್, ಅಂಚಿಗೆ ಕೂರಿಸಿದ ಬೀಮ್, ಸಂಕ್, ಸ್ಟೆಪ್ ಅದರಲ್ಲಿ ಇರುವುದಿಲ್ಲ. ಮೊದಲ ಪ್ರಾಜೆಕ್ಟಿನಲ್ಲಿ ಅವರ ಡ್ರಾಯಿಂಗ್ ನೋಡಿ ನಿಮ್ಮಲ್ಲೇ ಬೀಮ್, ಕಾಲಂ, ಸ್ಲ್ಯಾಬ್ ಮಾಡೆಲ್ ಮಾಡಿ. ಮಾಡೆಲ್ ನಿಮ್ಮದು, ಡಿಸೈನಿನ ಹೊಣೆ ಅವರದೇ ಎಂದು ಬರಹದಲ್ಲಿರಲಿ. ಪ್ಲಂಬಿಂಗ್, ಫೈರ್, ಎಲೆಕ್ಟ್ರಿಕಲ್‌ನವರು ತಮ್ಮ ಮಾಡೆಲ್ ತಾವೇ ಮಾಡಿದರೆ ಒಳ್ಳೆಯದು. ಎಲ್ಲರೂ ತಮ್ಮ ಪಾಡಿಗೆ ತಾವು ಗೆರೆ ಎಳೆದರೆ ಎತ್ತು ಏರಿಗೆ, ಕೋಣ ನೀರಿಗೆ. ಹದಿನೈದು ದಿನಕ್ಕೊಮ್ಮೆ ಒಂದೇ ದಿನ ಎಲ್ಲರ ಮಾಡೆಲ್ ಹಂಚಿಕೆ ಫೋಲ್ಡರಿಗೆ ಬರಲಿ. ಇನ್ನೂ ಕೈಯಲ್ಲಿರುವ ಕೆಲಸ, ಹಂಚಿದ್ದು, ಸೈಟಿಗೆ ಹೊರಟದ್ದು, ಹಳೆಯದು, ಈ ನಾಲ್ಕು ಫೋಲ್ಡರಿನ ಶಿಸ್ತು ಸಾಕು.

ಮೊದಲ ಸಲ ನೇವಿಸ್‌ವರ್ಕ್ಸ್‌ನಲ್ಲಿ ಎಲ್ಲವನ್ನೂ ಎಲ್ಲದರ ವಿರುದ್ಧ ಓಡಿಸಿದರೆ ಸಾವಿರಾರು ಕ್ಲ್ಯಾಶ್ (ಒಂದು ವಸ್ತು ಇನ್ನೊಂದಕ್ಕೆ ತಾಗುವುದು, ತೂರುವುದು) ಬರುತ್ತವೆ, ನೋಡಿದವರು ಕಂಪ್ಯೂಟರ್ ಮುಚ್ಚಿ ಎದ್ದು ಹೋಗುತ್ತಾರೆ. ಹೆಚ್ಚಿನವು ಪೈಪು ಜಿಪ್ಸಮ್ ಸೀಲಿಂಗ್ ದಾಟಿದ್ದು, ಬಾಗಿಲ ಚೌಕಟ್ಟು ಗೋಡೆಗೆ ತಾಗಿದ್ದು, ಇಂಥವೇ. ಪರೀಕ್ಷೆಗಳನ್ನು ಬೇರ್ಪಡಿಸಿ, ಒಂದೊಂದಾಗಿ ಓಡಿಸಿ: ಮೊದಲು ಸ್ಟ್ರಕ್ಚರ್ ವಿರುದ್ಧ ಡ್ರೈನೇಜ್, ಆಮೇಲೆ ಸ್ಟ್ರಕ್ಚರ್ ವಿರುದ್ಧ ಡಕ್ಟ್, ಅದಾದ ಮೇಲೆ ಸರ್ವಿಸ್‌ಗಳ ನಡುವೆ. ಟಾಲರೆನ್ಸ್ 20 ಮಿ.ಮೀ. ಇಡಿ. ಯಾರು ಜರುಗಬೇಕು ಅನ್ನುವುದಕ್ಕೂ ಕ್ರಮವಿದೆ. ಇಳಿಜಾರಿನಲ್ಲಿ ಹರಿಯುವ ಪೈಪು ಜರುಗುವುದಿಲ್ಲ, ನೀರಿಗೆ ನಮ್ಮ ಅನುಕೂಲ ಗೊತ್ತಿಲ್ಲ. ಡಕ್ಟ್ ಕಷ್ಟದಿಂದ ಜರುಗುತ್ತದೆ. ಸ್ಪ್ರಿಂಕ್ಲರ್, ಕೇಬಲ್ ಟ್ರೇ, ನೀರಿನ ಸಣ್ಣ ಪೈಪು ಕೊನೆಯಲ್ಲಿ ದಾರಿ ಹುಡುಕಿಕೊಳ್ಳಲಿ.

ಕ್ಲ್ಯಾಶ್ ಸೊನ್ನೆ ಬಂದರೂ ಸೈಟಿನಲ್ಲಿ ತಲೆ ತಾಗುವುದು ಯಾಕೆ ಅನ್ನುವುದಕ್ಕೆ ಪೋಡಿಯಂ ಪಾರ್ಕಿಂಗಿನ ಉದಾಹರಣೆ ನೋಡಿ. ಮಹಡಿ ಎತ್ತರ 3600 ಮಿ.ಮೀ., ಬೀಮ್ ಸ್ಲ್ಯಾಬ್ ಸೇರಿ 750, ಬೀಮಿನ ತಳ 2850ಕ್ಕೆ. ಮೇಲಿನ ಟಾಯ್ಲೆಟ್ ಶಾಫ್ಟಿನಿಂದ 160 ಮಿ.ಮೀ. ಪೈಪು ಬೀಮಿನ ಕೆಳಗೆ 50 ಮಿ.ಮೀ. ಬಿಟ್ಟು 12 ಮೀಟರ್ ಹೋಗಿ ಹೊರಗಿನ ಚೇಂಬರಿಗೆ ಸೇರಬೇಕು. ಮಾಡೆಲ್ ಮಾಡುವ ಹುಡುಗ ಪೈಪನ್ನು ಚಪ್ಪಟೆಯಾಗಿ ಎಳೆದ. ಪೈಪಿನ ತಳ 2640, ಎಲ್ಲ ಕ್ಷೇಮ. ನಿಜವಾಗಿ 80ಕ್ಕೆ 1ರ ಇಳಿಜಾರಿನಲ್ಲಿ 12 ಮೀಟರಿಗೆ 150 ಮಿ.ಮೀ. ಇಳಿಯುತ್ತದೆ, ಕೊನೆಯಲ್ಲಿ ತಳ 2490. ಅದರ ಕೆಳಗೆ 300ರ ಡಕ್ಟ್ ದಾಟಿದರೆ ಉಳಿಯುವುದು 2190. ಚಪ್ಪಟೆ ಮಾಡೆಲ್‌ನಲ್ಲಿ ಇದ್ಯಾವುದೂ ಕಾಣದು, ಯಾಕೆಂದರೆ ಇಲ್ಲದ ಇಳಿಜಾರಿಗೆ ಯಾವ ಸಾಫ್ಟ್‌ವೇರೂ ಕ್ಲ್ಯಾಶ್ ತೋರಿಸುವುದಿಲ್ಲ. ಡ್ರೈನೇಜ್ ಮಾಡೆಲ್ ಬಂದ ಕೂಡಲೇ ಮೊದಲು ಸ್ಲೋಪ್ ಶೆಡ್ಯೂಲ್ ತೆಗೆಯಿರಿ. ಸೊನ್ನೆ ಇರುವ ಪೈಪು ಒಂದಿದ್ದರೂ ವಾಪಸ್ ಕಳಿಸಿ. ಕಾರಿನ ದಾರಿಯ ಮೇಲೆ ಬೇಕಾದ ಎತ್ತರದ ಒಂದು ಪಾರದರ್ಶಕ ಪೆಟ್ಟಿಗೆಯನ್ನೇ ಮಾಡೆಲ್ ಮಾಡಿ, ಅದಕ್ಕೂ ಸರ್ವಿಸ್‌ಗೂ ಕ್ಲ್ಯಾಶ್ ಓಡಿಸಿ, ಖಾಲಿ ಜಾಗವನ್ನು ಕಾಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೀಟಿಂಗ್ ವಾರಕ್ಕೊಂದು ಗಂಟೆ, 25 ವಿಷಯಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ಏನು ತೀರ್ಮಾನ, ಯಾರು ತಿದ್ದುತ್ತಾರೆ, ಯಾವ ದಿನಕ್ಕೆ, ಈ ಮೂರು ಬರೆದಾಗಬೇಕು. ತೀರ್ಮಾನ ಕೊಡಬಲ್ಲ ಹಿರಿಯರು ಕೂರದ ಮೀಟಿಂಗ್ ವ್ಯರ್ಥ. ಗಣಪತಿ ಹಬ್ಬದ ಹತ್ತು ದಿನ ಪುಣೆಯಲ್ಲಿ ಯಾರನ್ನೂ ಒಂದೆಡೆ ಸೇರಿಸಲು ಆಗುವುದಿಲ್ಲ, ಗಡುವುಗಳನ್ನು ಅದಕ್ಕೆ ತಕ್ಕಂತೆ ಹಾಕಿ.

ಪಿಟಿ ಸ್ಲ್ಯಾಬ್ (ಒಳಗೆ ಬಿಗಿದ ಉಕ್ಕಿನ ಕೇಬಲ್ ಇರುವ ಸ್ಲ್ಯಾಬ್) ಇದ್ದರೆ ಈ ಎಲ್ಲ ಶ್ರಮದ ಫಲ ಸ್ಲೀವ್ ಡ್ರಾಯಿಂಗ್ ಎಂಬ ಒಂದು ಹಾಳೆ. ಆಮೇಲೆ ಕೋರ್ ಕಟಿಂಗ್ ಮಾಡಿದರೆ ಒಳಗಿನ ಕೇಬಲ್ ಕತ್ತರಿಸುವ ಅಪಾಯ. ಆ ಹಾಳೆಗೆ ಸ್ಟ್ರಕ್ಚರಲ್ ಕನ್ಸಲ್ಟೆಂಟರ ಸಹಿ ಬೀಳದೆ ಸ್ಲ್ಯಾಬ್ ಸುರಿಯುವಂತಿಲ್ಲ.

ಪ್ರಮಾಣದ ಲೆಕ್ಕ ನಂಬುವ ಮುಂಚೆ

ಮಾಡೆಲ್ ಕೊಟ್ಟ ಅಂಕಿ ಸುಳ್ಳಲ್ಲ, ಆದರೆ ಅದು ಬಿಲ್ಲಿನ ಭಾಷೆಯಲ್ಲಿ ಇರುವುದಿಲ್ಲ. ಮಹಡಿಯಿಂದ ಮಹಡಿಗೆ 3 ಮೀಟರ್ ಎಳೆದ 230ರ ಇಟ್ಟಿಗೆ ಗೋಡೆ ಮೇಲೆ 600 ಆಳದ ಬೀಮಿನೊಳಗೆ ತೂರಿಕೊಂಡಿರುತ್ತದೆ. ಜಾಯಿನ್ ಮಾಡದಿದ್ದರೆ 4 ಮೀಟರ್ ಗೋಡೆಗೆ 2.76 ಘನ ಮೀಟರ್ ತೋರಿಸುತ್ತದೆ, ನಿಜವಾದದ್ದು 2.21. ಒಂದೊಂದು ಗೋಡೆಗೂ ನಾಲ್ಕನೇ ಒಂದು ಭಾಗ ಹೆಚ್ಚು. ಗೋಡೆಯ ತುದಿಯನ್ನು ಬೀಮಿನ ತಳಕ್ಕೆ ನಿಲ್ಲಿಸುವುದೇ ಸರಿ. ಬೀಮ್ ಮತ್ತು ಸ್ಲ್ಯಾಬ್ ಕೂಡುವಲ್ಲಿ ಸ್ಲ್ಯಾಬ್ ಅಖಂಡವಾಗಿ ಉಳಿದು ಬೀಮಿನ ಆಳ ಸ್ಲ್ಯಾಬಿನ ಕೆಳಗಿನಿಂದ ಎಣಿಕೆಯಾಗುವಂತೆ ಜಾಯಿನ್ ಕ್ರಮ ಇಡಿ, ನಮ್ಮಲ್ಲಿ ಅಳತೆಯ ರೂಢಿ ಹಾಗೆಯೇ ಇದೆ.

ಪ್ಲಾಸ್ಟರಿನಲ್ಲಿ ಇನ್ನೊಂದು ಗುಂಡಿ. ಅಳತೆಯ ಭಾರತೀಯ ಮಾನಕ ಐಎಸ್ 1200ರ 12ನೇ ಭಾಗದ ಪ್ರಕಾರ ಅರ್ಧ ಚ.ಮೀ.ವರೆಗಿನ ತೆರವಿಗೆ ಕಡಿತವಿಲ್ಲ, ಅರ್ಧದಿಂದ 3 ಚ.ಮೀ.ವರೆಗೆ ಒಂದು ಮುಖಕ್ಕೆ ಮಾತ್ರ ಕಡಿತ, ಜಾಂಬ್ (ತೆರವಿನ ಒಳಬದಿ) ಸೇರಿಸುವಂತಿಲ್ಲ. ಮಾಡೆಲ್ ಎರಡೂ ಮುಖಕ್ಕೆ ಕಡಿತ ಮಾಡುತ್ತದೆ. 1.2 × 1.2ರ ಕಿಟಕಿ 1.44 ಚ.ಮೀ. ಅಂಥವು 300 ಇದ್ದರೆ 432 ಚ.ಮೀ. ಪ್ಲಾಸ್ಟರ್ ಟೆಂಡರಿನಲ್ಲಿ ಕಡಿಮೆ ಬರುತ್ತದೆ, ಕಾಂಟ್ರಾಕ್ಟರ್ ಆರ್‌ಎ (ಮುಗಿದಷ್ಟು ಕೆಲಸದ) ಬಿಲ್ ತಂದ ದಿನ ಜಗಳ. ಒಪ್ಪಂದದಲ್ಲಿ ಅಳತೆಯ ನಿಯಮ ಯಾವುದೋ ನೋಡಿ, ಶೆಡ್ಯೂಲಿನಲ್ಲಿ ಆ ಫಾರ್ಮುಲಾ ಬರೆಯಿರಿ. ಸೆಂಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ವಿಸ್ತೀರ್ಣ ರೆವಿಟ್ ಸುಲಭಕ್ಕೆ ಕೊಡುವುದಿಲ್ಲ, ಅದನ್ನು ಕೈಯಲ್ಲೇ ಮಾಡಿ. ಯಾವ ಅಂಕಿಯನ್ನಾದರೂ ಹೊರಗೆ ಕಳಿಸುವ ಮುಂಚೆ ಒಂದು ಮಹಡಿಯನ್ನು ಹಳೆಯ ಕ್ವಾಂಟಿಟಿ ಸರ್ವೇಯರ್ ಕೈಯಿಂದ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿಸಿ, ಎರಡೂ ಹೊಂದುತ್ತವೆಯೇ ನೋಡಿ.

ಜನ ಮತ್ತು ಸೈಟು

ಇಪ್ಪತ್ತು ಜನರಿಗೆ ಒಬ್ಬ ಮಾಡೆಲ್ ಕಾಯುವವನು ಬೇಕು. ಅವನಿಗೆ ಡ್ರಾಯಿಂಗಿನ ಗಡುವು ಹೊರಿಸಬೇಡಿ. ವಾರ್ನಿಂಗ್ ತೆಗೆಯುವುದು, ಫ್ಯಾಮಿಲಿ ನೋಡುವುದು, ಬ್ಯಾಕಪ್, ಇಷ್ಟೇ ಅವನ ಕೆಲಸ, ಇಷ್ಟೇ ಬೇಕಾದಷ್ಟು. ಟ್ರೇನಿಂಗ್ ಮುಗಿಸಿ ಬಂದ ಹುಡುಗರಿಗೆ ಬಟನ್ ಎಲ್ಲ ಗೊತ್ತಿರುತ್ತವೆ. ನಹಾನಿ ಟ್ರ್ಯಾಪ್ (ಬಚ್ಚಲಿನ ನೀರು ಹೋಗುವ ಟ್ರ್ಯಾಪ್) ಕೂರಲು ಸಂಕ್ ಎಷ್ಟು ಬೇಕು ಎಂದು ಗೊತ್ತಿರುವುದು ಇಪ್ಪತ್ತು ವರ್ಷ ಕ್ಯಾಡ್ ಮಾಡಿದ ಡ್ರಾಫ್ಟ್ಸ್‌ಮನ್‌ಗೆ. ಅವರಿಬ್ಬರನ್ನು ಅಕ್ಕಪಕ್ಕ ಕೂರಿಸಿ. ಹಿರಿಯರನ್ನು ಮೂಲೆಗೆ ತಳ್ಳಿದ ಕಚೇರಿಯ ಮಾಡೆಲ್ ನೋಡಲು ಚೆಂದ, ಕಟ್ಟಲು ಬಾರದು.

ಸೈಟಿಗೆ ಮಾಡೆಲ್ ಕಳಿಸಿದರೆ ಸಾಲದು. ಕಾನೂನಿನ ದಾಖಲೆ ಸಹಿಯಾದ ಹಾಳೆಯೇ, ಕೆಲಸದವರು ನೋಡುವುದೂ ಅದನ್ನೇ. ಆದರೆ ಪ್ರತಿ ಸ್ಲ್ಯಾಬಿಗೆ ಒಂದು ಎ-3 ಹಾಳೆಯಲ್ಲಿ ಸ್ಲೀವ್, ಸಂಕ್, ಸ್ಟೆಪ್ ತೋರಿಸುವ 3ಡಿ ಚಿತ್ರ, ಹತ್ತಿರದ ಗ್ರಿಡ್‌ನಿಂದ ಅಳತೆಯೊಂದಿಗೆ ಕೊಡಿ. ಪುಣೆಯ ಸೈಟಿನಲ್ಲಿ ಕಂಬಿ ಕಟ್ಟುವವರಲ್ಲಿ ಕಲಬುರಗಿ, ವಿಜಯಪುರದ ಕಡೆಯವರು ಸಿಗುತ್ತಾರೆ. “ಸಾಹೇಬ್ರ, ಈ ತೂತು ಬೀಮಿನ ಈಕಡೆ ಬರ್ತೈತೋ ಆಕಡೆರೀ?” ಎಂಬ ಪ್ರಶ್ನೆಗೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ವಿವರಿಸುವ ಬದಲು ಆ ಚಿತ್ರ ತೋರಿಸಿದರೆ ಮುಗಿಯಿತು. ಟಿಪ್ಪಣಿ ಮರಾಠಿಯಲ್ಲೂ ಕನ್ನಡದಲ್ಲೂ ಎರಡೆರಡು ಸಾಲು ಹಾಕಿದರೆ ಇನ್ನೂ ಉತ್ತಮ, ರೆವಿಟ್ ಕನ್ನಡ ಯುನಿಕೋಡ್ ಬರೆಯುತ್ತದೆ. ಪಿಡಿಎಫ್ ತೆಗೆದ ಮೇಲೆ ಒತ್ತಕ್ಷರ ಸರಿ ಬಂದಿದೆಯೇ ಎಂದು ಮಾತ್ರ ನೋಡಿ.

ಸೈಟಿನಲ್ಲಿ ಬದಲಾವಣೆ ಆಗೇ ಆಗುತ್ತದೆ. ಬೀಮಿನ ಸ್ಲೀವ್ 200 ಮಿ.ಮೀ. ಪಕ್ಕಕ್ಕೆ ಬಂದಿರುತ್ತದೆ, ಶಾಫ್ಟಿನ ಬಾಗಿಲು ತಿರುಗಿರುತ್ತದೆ. ಸೈಟ್ ಎಂಜಿನಿಯರ್ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಟೇಪು ಹಿಡಿದ ಫೋಟೊ ಜೊತೆ ಅದೇ ಸಂಜೆ ಕಳಿಸಲಿ. ಮರುದಿನ ಮಧ್ಯಾಹ್ನದೊಳಗೆ ಮಾಡೆಲ್‌ನಲ್ಲಿ ತಿದ್ದಿ, ಅದರ ಮೇಲೆ ಬರುವ ಮಹಡಿಯ ಹಾಳೆಗೆ ಹೊಸ ರಿವಿಜನ್ ಅಕ್ಷರ ಹಾಕಿ ಕಳಿಸಿ. ಹಳೆಯ ಹಾಳೆಯನ್ನು ಸೈಟಿನಿಂದ ವಾಪಸ್ ತರಿಸಿ ಹರಿಯಿರಿ. ಅದು ಗೋಡೆಯ ಮೇಲೆ ಅಂಟಿಸಿದ ಪ್ರತಿಯಾಗಿದ್ದರೂ ಸರಿ.